ಟಿ.ಸಿ. ಸಿಕ್ಕಿತು, ಸಂಘ ಸಿಗಲಿಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ನಿಷ್ಠೆಯೆಂಬುದು ಸತ್ತುಹೋಯಿತು ಎಂಬ ಗೋಳು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಆಟಗಾರ ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರಂತೆ; ಹೆಚ್ಚು ಹಣ ಕೊಟ್ಟವರ ಬೆನ್ನು ಹತ್ತುತ್ತಾರಂತೆ; ತಂಡವೆಂಬುದು ಹೋಗಿ ಸಂತೆಯಾಗಿದೆಯಂತೆ. ಕೋಚುಗಳು, ವಿಶ್ವವಿದ್ಯಾನಿಲಯಗಳ ಆಡಳಿತಗಾರರು, ಕ್ರೀಡಾ ಪತ್ರಿಕೆಯವರು ಎಲ್ಲರದೂ ಇದೇ ರಾಗ. ಸಂತೆ ಎಂಬ ಮಾತು ಸುಳ್ಳಲ್ಲ. ಆದರೆ ಆ ಸಂತೆ ಎಂದು ನೆರೆಯಿತು, ಇಷ್ಟು ಕಾಲ ಅದರಲ್ಲಿ ಲಾಭ ಎಣಿಸಿಕೊಂಡವರು ಯಾರು, ಬೆವರು ಸುರಿಸಿದವರು ಯಾರು ಎಂಬ ಪ್ರಶ್ನೆಯನ್ನು ಇವರು ಎತ್ತುವುದಿಲ್ಲ. ಸಮಾಜವಾದಿಗಳಾದ ನಾವು ಎತ್ತಬೇಕಾಗಿದೆ.

ಸಾವಿರಾರು ಮೈಲಿಯಾಚೆಯ ಆಟ ನಮಗೇಕೆ ಎಂದು ಓದುಗರು ಕೇಳಬಹುದು. ದುಡಿಮೆಗೆ ಬೇರೊಂದು ಚೆಂದದ ಹೆಸರಿಟ್ಟು ಕೂಲಿ ತಪ್ಪಿಸುವ ವಿದ್ಯೆ ಜಗತ್ತಿನ ಎಲ್ಲ ಕಡೆಯೂ ಇದೆ. ಆದರೆ ಅದು ನಿಚ್ಚಳವಾಗಿ, ದಾಖಲೆ ಸಹಿತ ಕಾಣಸಿಗುವುದು ಈ ಆಟದ ಚರಿತ್ರೆಯಲ್ಲಿ. ದುಡಿಯುವವನಿಗೆ ಬರಿಯ ಸಂಚಾರ ಸ್ವಾತಂತ್ರ್ಯ ಕೊಟ್ಟು ಸಂಘದ ಹಕ್ಕನ್ನು ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ಉದಾಹರಣೆ.

ಮೊದಲು ಆಟದ ಬಗ್ಗೆ ಒಂದು ಮಾತು. ಇದು ನಮ್ಮ ಹುಡುಗರು ಆಡುವ ಕಾಲ್ಚೆಂಡಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಕಾಲೇಜುಗಳ ನಡುವಿನ ಮೊದಲ ಪಂದ್ಯ ನಡೆದದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಇಂದು ಮಿಷಿಗನ್ ವಿಶ್ವವಿದ್ಯಾನಿಲಯದ ಮೈದಾನವೊಂದರಲ್ಲೇ ಒಂದು ಲಕ್ಷಕ್ಕೂ ಮಿಕ್ಕಿ ಜನ ಕೂತು ನೋಡುತ್ತಾರೆ. ‘ಬಿಗ್ ಟೆನ್’ ಎಂಬ ಒಂದೇ ಕೂಟದ ವಿಶ್ವವಿದ್ಯಾನಿಲಯಗಳು 2022ರಲ್ಲಿ ಟೆಲಿವಿಷನ್ ಕಂಪೆನಿಗಳೊಡನೆ ಮಾಡಿಕೊಂಡ ಏಳು ವರ್ಷದ ಕರಾರಿನ ಬೆಲೆ 700 ಕೋಟಿ ಡಾಲರಿಗೂ ಹೆಚ್ಚು. ಇದನ್ನು ಕಾಲೇಜು ಹುಡುಗರ ವಿನೋದವೆಂದು ಕರೆಯುವವರ ಧೈರ್ಯವನ್ನು ಮೆಚ್ಚಬೇಕು.

ಹೆಸರಿಟ್ಟ ಜಾಣತನ

1955ರಲ್ಲಿ ಕೊಲರಾಡೊ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಆಡುತ್ತಿದ್ದ ರೇ ಡೆನ್ನಿಸನ್ ಎಂಬಾತ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ ಕಾರ್ಮಿಕರ ಪರಿಹಾರ ಕಾನೂನಿನಂತೆ ಪರಿಹಾರ ಕೇಳಿದರು. ಕಾಲೇಜು ಫುಟ್‌ಬಾಲಿನ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಆತ ಅದರ ನೌಕರನಲ್ಲ ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 1957ರಲ್ಲಿ ತೀರ್ಪು ಕೊಟ್ಟಿತು. ಆ ಹೆಣ್ಣುಮಗಳಿಗೆ ಏನೂ ಸಿಗಲಿಲ್ಲ.

ಇಂಥ ಮೊಕದ್ದಮೆಗಳ ಭಯದಿಂದಲೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದ ಹುಟ್ಟಿತು. 1906ರಿಂದ ಕಾಲೇಜು ಕ್ರೀಡೆಗಳ ಮೇಲೆ ಯಜಮಾನಿಕೆ ನಡೆಸುತ್ತಿರುವ ಎನ್.ಸಿ.ಎ.ಎ. ಎಂಬ ಸಂಸ್ಥೆ ಅದನ್ನು ಟಂಕಿಸಿ, ಎಲ್ಲ ನಿಯಮಗಳಲ್ಲಿ ಸೇರಿಸಿತು. ಇದು ವಿರೋಧಿಗಳ ಆರೋಪವಲ್ಲ. 1951ರಿಂದ 1988ರವರೆಗೆ ಆ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬೈಯರ್ಸ್ ನಿವೃತ್ತರಾದ ಮೇಲೆ 1995ರ ತಮ್ಮ ಪುಸ್ತಕದಲ್ಲಿ ತಾವೇ ಒಪ್ಪಿಕೊಂಡ ಸಂಗತಿ. ಆಟಗಾರ ವಿದ್ಯಾರ್ಥಿಯಾದರೆ ಗಾಯಕ್ಕೆ ಪರಿಹಾರ ಕೊಡಬೇಕಾಗಿಲ್ಲ, ಕೂಲಿ ಕೊಡಬೇಕಾಗಿಲ್ಲ, ಸಂಘ ಕಟ್ಟಲು ಬಿಡಬೇಕಾಗಿಲ್ಲ. ಒಂದು ಪದದಿಂದ ಇಷ್ಟೊಂದು ಉಳಿತಾಯ!

1956ರಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡಲು ಅನುಮತಿಯಾಯಿತು. ಅದಾದರೂ ನಾಲ್ಕು ವರ್ಷದ ಭದ್ರತೆಯಾಗಿ ಉಳಿಯಿತೇ? 1973ರಲ್ಲಿ ಅದನ್ನು ವರ್ಷವರ್ಷಕ್ಕೆ ನವೀಕರಿಸುವ ಪದ್ಧತಿಗೆ ಇಳಿಸಿದರು. ಮಂಡಿ ಮುರಿದುಕೊಂಡ ಹುಡುಗನ, ಕೋಚಿನ ಕಣ್ಣಿಗೆ ಕೆಟ್ಟವನಾದ ಹುಡುಗನ ಓದು ಮರುವರ್ಷ ನಿಂತುಹೋಗಬಹುದಾಗಿತ್ತು. ಮೇಷ್ಟ್ರಾಗಿದ್ದವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯೆಗಾಗಿ ಕೊಟ್ಟ ವೇತನವಾಗಿದ್ದರೆ ಅದು ಅಂಕಗಳನ್ನು ನೋಡಿ ನಿಲ್ಲಬೇಕಾಗಿತ್ತು, ಮಂಡಿಯನ್ನು ನೋಡಿ ಅಲ್ಲ.

ಹುಡುಗರನ್ನು ಹಿಡಿಯುವ ಬಗೆ

ಹೈಸ್ಕೂಲು ಹುಡುಗರನ್ನು ಅಳೆದು, ತೂಗಿ, ಓಡಿಸಿ ನೋಡಿ, ಒಂದರಿಂದ ಐದು ನಕ್ಷತ್ರದವರೆಗೆ ದರ್ಜೆ ಕಟ್ಟುವ ಕಂಪೆನಿಗಳೇ ಅಲ್ಲಿವೆ. ಐದು ನಕ್ಷತ್ರದ ಹುಡುಗನ ಮನೆಗೆ ದೊಡ್ಡ ದೊಡ್ಡ ಕೋಚುಗಳು ಬಂದು, ಅವನ ತಾಯಿಯ ಎದುರು ಕೂತು, ನಿಮ್ಮ ಮಗನನ್ನು ನಮ್ಮ ಮಗನಂತೆ ನೋಡಿಕೊಳ್ಳುತ್ತೇವೆಂದು ಮಾತು ಕೊಡುತ್ತಾರೆ. ಎತ್ತಿನ ಜಾತ್ರೆಯಲ್ಲಿ ಹಲ್ಲು ಹಿಡಿದು ನೋಡುವವರು ಎತ್ತಿಗೆ ಮಾತು ಕೊಡುವುದಿಲ್ಲ. ಅಷ್ಟರಮಟ್ಟಿಗೆ ಜಾತ್ರೆಯೇ ಪ್ರಾಮಾಣಿಕ.

ಈ ಹುಡುಗರಲ್ಲಿ ಬಹಳ ಮಂದಿ ಕರಿಯರು; ಅವರಲ್ಲಿ ಎಷ್ಟೋ ಜನ ಬಡವರ ಮನೆಯವರು. ದಕ್ಷಿಣದ ರಾಜ್ಯಗಳ ದೊಡ್ಡ ಕೂಟವಾದ ಎಸ್.ಇ.ಸಿ.ಯಲ್ಲಿ ಕರಿಯ ಆಟಗಾರನೊಬ್ಬ ಮೊದಲು ಕಣಕ್ಕಿಳಿದದ್ದು 1967ರಲ್ಲಿ. ಕೆಂಟಕಿಯ ನೇಟ್ ನಾರ್ದಿಂಗ್ಟನ್. ಅಲ್ಲಿಯವರೆಗೆ ಚರ್ಮದ ಬಣ್ಣ ನೋಡಿ ಬಾಗಿಲು ಹಾಕುತ್ತಿದ್ದ ಅದೇ ಕಾಲೇಜುಗಳು ಇಂದು ಆ ಮನೆಗಳ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ತೆರೆದ ಬಾಗಿಲಿನೊಳಗೆ ಹೋದವನಿಗೆ ಐವತ್ತು ವರ್ಷಗಳ ಕಾಲ ದುಡಿಮೆಯ ಪಾಲು ದೊರೆಯಲಿಲ್ಲ.

1964ರಿಂದ ಹುಡುಗರಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಬಂತು. 2024ರಲ್ಲಿ ರದ್ದಾಗುವವರೆಗೂ ಅದು ಹುಡುಗನನ್ನು ಕಾಲೇಜಿಗೆ ಕಟ್ಟುತ್ತಿತ್ತು. ಅವನ ತಾಯಿಗೆ ಮಾತು ಕೊಟ್ಟ ಕೋಚನ್ನು ಮಾತ್ರ ಯಾವುದಕ್ಕೂ ಕಟ್ಟುತ್ತಿರಲಿಲ್ಲ. ಮರುದಿನವೇ ಬೇರೆ ಕಾಲೇಜಿಗೆ ಹೋಗಲು ಆತ ಸ್ವತಂತ್ರ.

ಊರು ಬಿಟ್ಟವರು ಯಾರು?

ಕಾಲೇಜು ಬದಲಾವಣೆ ಹೊಸದೇನಲ್ಲ. 1896ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಮೇಲಿನ ಒಂದು ಪಂದ್ಯಕ್ಕಾಗಿ ಫೀಲ್ಡಿಂಗ್ ಯೋಸ್ಟ್ ಎಂಬಾತ ವೆಸ್ಟ್ ವರ್ಜೀನಿಯ ಬಿಟ್ಟು ಲಫಾಯೆಟ್ ಕಾಲೇಜಿಗೆ ಸೇರಿ, ಗೆಲ್ಲಿಸಿ, ತಿರುಗಿ ಮೊದಲಿನ ಕಾಲೇಜಿಗೇ ಹೋದ. ಮುಂದೆ ಆತನೇ ಮಿಷಿಗನ್ನಿನ ಹೆಸರಾಂತ ಕೋಚಾದ. ಕಾಲೇಜಿಗೆ ಬೇಕಾದಾಗ ನಿಯಮಗಳು ಬಾಗಿದವು. ಆಟಗಾರನಿಗೆ ಬೇಕಾದಾಗ ಮಾತ್ರ ಅವು ಕಬ್ಬಿಣವಾದವು. ಬೇರೆ ಕಾಲೇಜಿಗೆ ಹೋದವನು ಒಂದು ವರ್ಷ ಆಡದೆ ಕೂರಬೇಕಾಗಿತ್ತು. 2018ರವರೆಗೆ, ಬೇರೆ ಕಾಲೇಜಿನೊಡನೆ ಮಾತಾಡುವುದಕ್ಕೂ ಹಳೆಯ ಕಾಲೇಜಿನ ಅಪ್ಪಣೆ ಬೇಕಾಗಿತ್ತು. ನಮ್ಮಲ್ಲಿ ಯಾವ ಹೆಡ್‌ಮಾಸ್ಟರಾದರೂ ಹುಡುಗನ ಟಿ.ಸಿ.ಯನ್ನು ಹೀಗೆ ತಡೆಹಿಡಿದರೆ ಪೋಷಕರು ಶಾಲೆಯ ಮುಂದೆ ಸೇರುತ್ತಾರೆ.

ಆ ವರ್ಷ ವರ್ಗಾವಣೆ ಬಯಸುವವರ ಪಟ್ಟಿಯೊಂದು ಆರಂಭವಾಯಿತು. ಅದಕ್ಕೇ ‘ಟ್ರಾನ್ಸ್‌ಫರ್ ಪೋರ್ಟಲ್’ ಎನ್ನುತ್ತಾರೆ. 2021ರಲ್ಲಿ ಒಂದು ಸಲ ಕೂರದೆ ಹೋಗುವ ಹಕ್ಕು ಬಂತು. ಕೋರ್ಟಿನ ಒತ್ತಾಯದ ಮೇಲೆ 2024ರಲ್ಲಿ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವನು ಎಷ್ಟು ಸಲವಾದರೂ ಹೋಗಬಹುದೆಂದಾಯಿತು. ನಿಷ್ಠೆ ಸತ್ತಿತೆಂಬ ಗೋಳು ಜೋರಾದದ್ದು ಆಗ.

ಅದೇ 2024ರಲ್ಲಿ ಇನ್ನೊಂದು ವರ್ಗಾವಣೆ ನಡೆಯಿತು. ಪೆಸಿಫಿಕ್ ತೀರದ ವಿಶ್ವವಿದ್ಯಾನಿಲಯಗಳು 1915ರಿಂದ ಕಟ್ಟಿಕೊಂಡು ಬಂದಿದ್ದ ಕೂಟವನ್ನು ಹತ್ತು ಸದಸ್ಯರು ಟೆಲಿವಿಷನ್ ಹಣಕ್ಕಾಗಿ ತೊರೆದರು. ಆರಿಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಲಾಸ್ ಏಂಜಲೀಸಿನ ತಂಡ ಈಗ ತನ್ನದೇ ಕೂಟದ ಪಂದ್ಯಕ್ಕಾಗಿ ಅಟ್ಲಾಂಟಿಕ್ ತೀರದ ನ್ಯೂಜೆರ್ಸಿಯವರೆಗೂ ಹೋಗಬೇಕು. ಇದಕ್ಕೆ ನಿಷ್ಠೆಯ ಪ್ರಶ್ನೆ ಬರಲಿಲ್ಲ, ಇದು ‘ವ್ಯವಹಾರ’.

ಕೋಚುಗಳ ಮಾತು ಇನ್ನೂ ಸೊಗಸು. 2023ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯ ಜಿಂಬೊ ಫಿಷರ್ ಎಂಬ ಕೋಚನ್ನು ತೆಗೆದುಹಾಕಿ, ಕೆಲಸ ಮಾಡದಿರುವುದಕ್ಕಾಗಿ ಆತನಿಗೆ ಏಳೂವರೆ ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಬಾಧ್ಯವಾಯಿತು. 2025ರ ನವೆಂಬರ್ ಕೊನೆಯಲ್ಲಿ ಮಿಸಿಸಿಪ್ಪಿಯ ಕೋಚ್ ಲೇನ್ ಕಿಫಿನ್, ತಮ್ಮ ತಂಡ ರಾಷ್ಟ್ರೀಯ ಚಾಂಪಿಯನ್ ಪಂದ್ಯಗಳ ಹೊಸ್ತಿಲಲ್ಲಿ ನಿಂತಿದ್ದಾಗ, ಲೂಯಿಸಿಯಾನ ಸ್ಟೇಟಿಗೆ ಹೊರಟರು. ಆಟಗಾರ ಮಾಡಿದರೆ ದ್ರೋಹ, ಕೋಚ್ ಮಾಡಿದರೆ ಬಡ್ತಿ!

ತಂಡದ ಸಂಸ್ಕೃತಿ ಎಂದರೇನು?

‘ತಂಡದ ಸಂಸ್ಕೃತಿ’ ಎಂಬುದು ಕೋಚುಗಳ ಬಾಯಲ್ಲಿ ಸದಾ ಇರುವ ಮಾತು. ಎದುರಾಡದೆ, ನೋವನ್ನು ಹೇಳಿಕೊಳ್ಳದೆ, ಹೇಳಿದ್ದನ್ನು ಮಾಡುವುದೇ ಸಂಸ್ಕೃತಿಯೆಂದು ಹಲವರ ತಿಳಿವಳಿಕೆ. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಜೋರ್ಡನ್ ಮೆಕ್‌ನೇರ್ ಎಂಬ 19 ವರ್ಷದ ಹುಡುಗ ಓಟದ ಅಭ್ಯಾಸದಲ್ಲಿ ಬಿಸಿಲಾಘಾತಕ್ಕೆ ತುತ್ತಾಗಿ, ಎರಡು ವಾರದ ಮೇಲೆ ತೀರಿಕೊಂಡ. ಸಕಾಲದಲ್ಲಿ ಅವನ ಮೈಯನ್ನು ತಣ್ಣೀರಿನಲ್ಲಿ ಇಳಿಸಲಿಲ್ಲ. ವಿಶ್ವವಿದ್ಯಾನಿಲಯದ ಅಧ್ಯಕ್ಷರೇ ಹೊಣೆಯನ್ನು ಒಪ್ಪಿಕೊಳ್ಳಬೇಕಾಯಿತು. ಬಿಟ್ಟು ಹೋಗಲಾಗದ, ಬಾಯಿ ತೆರೆಯಲಾಗದ ಕಡೆ ಸಂಸ್ಕೃತಿ ಎಂಬುದು ಭಯದ ಇನ್ನೊಂದು ಹೆಸರಾಗುತ್ತದೆ.

ಬೇರೆ ಬಗೆಯ ಸಂಸ್ಕೃತಿಯೂ ಉಂಟು. 2015ರ ನವೆಂಬರಿನಲ್ಲಿ ಮಿಸ್ಸೌರಿ ವಿಶ್ವವಿದ್ಯಾನಿಲಯದಲ್ಲಿ ವರ್ಣದ್ವೇಷದ ವಿರುದ್ಧ ವಿದ್ಯಾರ್ಥಿಗಳು ಚಳವಳಿ ಹೂಡಿದ್ದರು. ಒಬ್ಬ ವಿದ್ಯಾರ್ಥಿ ಉಪವಾಸ ಕೂತಿದ್ದ. ಆಡಳಿತ ಕದಲಲಿಲ್ಲ. ಆಗ ಕರಿಯ ಫುಟ್‌ಬಾಲ್ ಆಟಗಾರರು, ಅಧ್ಯಕ್ಷ ಟಿಮ್ ವುಲ್ಫ್ ಹೋಗುವವರೆಗೆ ನಾವು ಆಡುವುದಿಲ್ಲ ಎಂದರು. ಬಿಳಿಯ ಸಂಗಡಿಗರೂ ಜೊತೆಗೆ ನಿಂತರು. ಒಂದು ಪಂದ್ಯ ತಪ್ಪಿದರೆ ವಿಶ್ವವಿದ್ಯಾನಿಲಯಕ್ಕೆ ಹತ್ತು ಲಕ್ಷ ಡಾಲರಿನ ನಷ್ಟವಿತ್ತು. ಎರಡೇ ದಿನಗಳಲ್ಲಿ ಅಧ್ಯಕ್ಷರ ರಾಜೀನಾಮೆ ಬಂತು. ಆ ಎರಡು ದಿನ ಮಿಸ್ಸೌರಿಯ ಹುಡುಗರು ನಿಜವಾದ ತಂಡವಾಗಿದ್ದರು.

ಹೊಸಬರು ಬಂದರೆ ತಂಡ ಒಡೆಯುತ್ತದೆ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಸೋಲಿಗೇ ಹೆಸರಾಗಿದ್ದ ಇಂಡಿಯಾನ ವಿಶ್ವವಿದ್ಯಾನಿಲಯಕ್ಕೆ ಹೊಸ ಕೋಚ್ ಕರ್ಟ್ ಸಿಗ್ನೆಟಿ ಬಂದಾಗ ತಮ್ಮ ಹಳೆಯ ಕಾಲೇಜಿನಿಂದ ಹತ್ತಕ್ಕೂ ಹೆಚ್ಚು ಆಟಗಾರರು ಜೊತೆಗೆ ಬಂದರು. 2024ರ ಋತುವಿನಲ್ಲಿ ಆ ತಂಡ 11 ಪಂದ್ಯ ಗೆದ್ದಿತು. ಒಟ್ಟಿಗೆ ದುಡಿದು ಒಬ್ಬರನ್ನೊಬ್ಬರು ನಂಬಿದವರಿಗೆ ಮೈದಾನ ಯಾವ ಊರಿನದಾದರೇನು?

ಗೆದ್ದದ್ದೆಷ್ಟು, ಉಳಿದದ್ದೆಷ್ಟು

2021ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆಲ್ಸ್‌ಟನ್ ಮೊಕದ್ದಮೆಯಲ್ಲಿ ಎನ್.ಸಿ.ಎ.ಎ. ವಿರುದ್ಧ ತೀರ್ಪಿತ್ತರು. ಮರುತಿಂಗಳೇ ಆಟಗಾರರಿಗೆ ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸುವ ಹಕ್ಕು ಬಂತು. 2025ರ ಜೂನಿನಲ್ಲಿ ಹೌಸ್ ಮೊಕದ್ದಮೆಯ ರಾಜಿ ಮಂಜೂರಾಯಿತು: ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ; ಮುಂದೆ ಒಂದೊಂದು ವಿಶ್ವವಿದ್ಯಾನಿಲಯವೂ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ಆಟಗಾರರಿಗೆ ಹಂಚಬಹುದು. ಇವು ದೊಡ್ಡ ಗೆಲುವುಗಳು. ಅಲ್ಲಗಳೆಯಬಾರದು.

ಆದರೆ ಆ ಮಿತಿಯನ್ನು ಗೊತ್ತುಮಾಡಿದವರು ಯಾರು? ಆಟಗಾರರ ಸಂಘ ಮೇಜಿನ ಎದುರು ಕೂತು ಚೌಕಾಶಿ ಮಾಡಿ ಒಪ್ಪಿದ್ದಲ್ಲ. ವಕೀಲರು ಕೋರ್ಟಿನಲ್ಲಿ ಮಾಡಿಕೊಂಡ ರಾಜಿ ಅದು. ಆಟಗಾರ ಇಂದಿಗೂ ನೌಕರನೆನಿಸಿಲ್ಲ. ಚೆಂಡು ಎಸೆಯುವ ತಾರೆಗೆ ಲಕ್ಷಗಟ್ಟಲೆ ಬರುತ್ತದೆ. ಅವನಿಗೆ ಪೆಟ್ಟು ಬೀಳದಂತೆ ಮೈಯೊಡ್ಡಿ ನಿಲ್ಲುವವನಿಗೆ ಅದರ ಒಂದು ಚೂರು. ವರ್ಗಾವಣೆ ಪಟ್ಟಿಗೆ ಹೆಸರು ಬರೆಸಿದವರೆಲ್ಲರಿಗೂ ಹೊಸ ಕಾಲೇಜು ಸಿಗುವುದಿಲ್ಲ. ಹಳೆಯದು ವಿದ್ಯಾರ್ಥಿವೇತನವನ್ನು ನಿಲ್ಲಿಸಬಹುದು. ಹೊಸ ಕೋಚ್ ಬಂದ ಮೇಲೆ 2023ರಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯದಿಂದ ಹತ್ತಾರು ಹುಡುಗರು ಹೊರಬಿದ್ದರು. ಹೋಗುವ ಸ್ವಾತಂತ್ರ್ಯದ ಬಾಗಿಲೇ ಹೊರದೂಡುವ ಬಾಗಿಲೂ ಆಯಿತು.

ಓದು ಹಾಳಾಗುತ್ತದೆ ಎಂಬ ಒಂದು ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಮೂರು ವರ್ಷಕ್ಕೆ ಮೂರು ಕಾಲೇಜು ಸುತ್ತಿದ ಹುಡುಗನಿಗೆ ಪದವಿ ದೂರವಾಗುತ್ತದೆ. ಒಂದು ಕಡೆಯ ಪಾಠ ಇನ್ನೊಂದು ಕಡೆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇದಕ್ಕೆ ಮದ್ದು ಹುಡುಗನನ್ನು ಮತ್ತೆ ಕಟ್ಟಿಹಾಕುವುದಲ್ಲ. ಹಲವು ವರ್ಷದ ಕರಾರು ಬೇಕು. ಆಟ ನಿಂತರೂ ಪದವಿ ಮುಗಿಯುವವರೆಗೆ ವಿದ್ಯಾರ್ಥಿವೇತನ ಬೇಕು. ಗಾಯಕ್ಕೆ ಆಟ ಬಿಟ್ಟ ಮೇಲೂ ಚಿಕಿತ್ಸೆ ಬೇಕು. ಎರಡೂ ಕಡೆಯವರು ಕೂತು ಒಪ್ಪಿದ ಕರಾರಿದ್ದರೆ ಹುಡುಗನೂ ನಿಲ್ಲುತ್ತಾನೆ, ತಂಡವೂ ನಿಲ್ಲುತ್ತದೆ. ಆದರೆ ಒಬ್ಬೊಬ್ಬನೇ ಹೋಗಿ ಇದನ್ನು ಕೇಳಿದರೆ ಕೊಡುವವರಿಲ್ಲ.

ಕೇಳಿದವರು ಇದ್ದರು. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಆಟಗಾರರು ಕೇನ್ ಕೋಲ್ಟರ್ ಮುಂದಾಳ್ತನದಲ್ಲಿ ಸಂಘಕ್ಕೆ ಅರ್ಜಿ ಹಾಕಿದರು. ಅವರು ನೌಕರರೇ ಎಂದು ಷಿಕಾಗೊದ ಕಾರ್ಮಿಕ ಅಧಿಕಾರಿ ಒಪ್ಪಿದರು, ಮತದಾನವೂ ನಡೆಯಿತು. ಆದರೆ ವಾಷಿಂಗ್ಟನ್ನಿನ ಕಾರ್ಮಿಕ ಮಂಡಳಿ 2015ರ ಆಗಸ್ಟಿನಲ್ಲಿ ಈ ವಿಷಯಕ್ಕೆ ತಾನು ಕೈಹಾಕುವುದಿಲ್ಲವೆಂದಿತು. ಹಾಕಿದ ಮತಗಳನ್ನು ಎಣಿಸಲೇ ಇಲ್ಲ. 2024ರ ಮಾರ್ಚಿನಲ್ಲಿ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರು 13-2 ಮತಗಳಿಂದ ಸಂಘ ಕಟ್ಟಲು ತೀರ್ಮಾನಿಸಿದರು. ಸರ್ಕಾರ ಬದಲಾಗುವ ಮುನ್ನ, ವರ್ಷದ ಕೊನೆಯಲ್ಲಿ, ಅರ್ಜಿಯನ್ನು ಹಿಂದಕ್ಕೆ ಪಡೆದರು.

ನಮ್ಮಲ್ಲಿ ಆಶಾ ಕಾರ್ಯಕರ್ತೆಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಬೈಕಿನಲ್ಲಿ ಊಟ ಹೊತ್ತು ತರುವ ಹುಡುಗ ಆಳಲ್ಲ, ‘ಪಾರ್ಟ್‌ನರ್’. ಹೆಸರಿಡುವ ವಿದ್ಯೆ ಅಲ್ಲಿಯದೂ ಇಲ್ಲಿಯದೂ ಒಂದೇ. ಒಂದು ಕಂಪೆನಿ ಬಿಟ್ಟು ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಆ ಬೈಕಿನ ಹುಡುಗನಿಗೆ ಎಂದೂ ಇತ್ತು. ಅದರಿಂದ ಅವನ ದರ ಏರಲಿಲ್ಲ. ಅಮೆರಿಕದ ಮೈದಾನದ ಹುಡುಗರು ಇಂದಲ್ಲ ನಾಳೆ ಒಟ್ಟಾಗಿ ಮೇಜಿನ ಮುಂದೆ ಕೂರುತ್ತಾರೆ. ನಾರ್ತ್‌ವೆಸ್ಟರ್ನ್‌ನ ಆ ಮತಗಳು ಅಂದು ಎಣಿಕೆಯಾಗುತ್ತವೆ. ಅಷ್ಟರಲ್ಲಿ ನಮ್ಮ ತಾಲ್ಲೂಕುಗಳಲ್ಲಿ ನಾವು ಎಣಿಸಬೇಕಾದ ಸದಸ್ಯರ ಸಂಖ್ಯೆಯೂ ಬೆಳೆದಿರಲಿ.