ಸೇನೆಯ ಹಳೆಯ ಲಾರಿ: ಬಣ್ಣಕ್ಕಿಂತ ಕಾಗದಪತ್ರ ಮುಖ್ಯ

ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಘಟ್ಟದ ತಿರುವುಗಳನ್ನೂ ಹನೂರು ತಾಲ್ಲೂಕಿನ ಕಾಡಂಚಿನ ಕಚ್ಚಾ ದಾರಿಗಳನ್ನೂ ಬಲ್ಲವರಿಗೆ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ದೊರೆಯುವ ಲಾರಿಯ ಉಪಯುಕ್ತತೆಯನ್ನು ವಿವರಿಸಬೇಕಾಗಿಲ್ಲ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಡಿ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಅಂತಹ ವಾಹನ. ಸೇನೆ ಕೈಬಿಟ್ಟ ಲಾರಿಯನ್ನು ಹರಾಜಿನಲ್ಲಿ ಕೊಂಡು, ದುರಸ್ತಿಗೊಳಿಸಿ ಮಾರುವುದು ಕೊಳ್ಳೇಗಾಲದಂತಹ ಊರಿಗೆ ಒಪ್ಪುವ ವ್ಯಾಪಾರವೇ ಸರಿ. ಆದರೆ ಇದರ ಲಾಭ ನಿರ್ಧಾರವಾಗುವುದು ಗ್ಯಾರೇಜಿನಲ್ಲಲ್ಲ, ಕಡತದಲ್ಲಿ.

ಮೊದಲನೆಯದು ನೋಂದಣಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮದಂತೆ ಸೇನೆಯಿಂದ ಬಂದ ವಾಹನಕ್ಕೆ ಸಂಬಂಧಪಟ್ಟ ಪ್ರಾಧಿಕಾರವು ನಮೂನೆ 21ರಲ್ಲಿ ನೀಡಿದ ಮೂಲ ಮಾರಾಟ ಪ್ರಮಾಣಪತ್ರ ಬೇಕು. ಅದಿಲ್ಲದ ಲಾರಿ ಎಷ್ಟೇ ಹೊಳೆದರೂ ಗುಜರಿಯೇ. ಹೊಳಪಿನ ವಿಷಯಕ್ಕೇ ಬಂದರೆ, ಅಭಿಮಾನದಿಂದ ಬಳಿಯುವ ಸೇನೆಯ ಆಲಿವ್ ಹಸಿರು ಬಣ್ಣವನ್ನು ಅದೇ ನಿಯಮಗಳ 121ನೇ ನಿಯಮವು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲಿಟ್ಟಿದೆ. ಜಾತ್ರೆಯ ದಿನಗಳಲ್ಲಿ ಭಕ್ತರನ್ನು ಹತ್ತಿಸಬಹುದೆಂದು ಹೇಳಿ ಸರಕು ಲಾರಿಗೆ ಬೆಲೆ ಏರಿಸುವುದಂತೂ ಅಪರಾಧಕ್ಕೆ ಗಿರಾಕಿ ಹುಡುಕಿದಂತೆ. ಅಪಘಾತವಾದರೆ ವಿಮೆಯ ಆಸರೆ ತಪ್ಪುವ ಭೀತಿ ಕೊಂಡವನದು.

ಇನ್ನು ತೆರಿಗೆ. ಹಳೆಯ ವಾಹನಗಳ ಮಾರಾಟದಲ್ಲಿ ಮಾರ್ಜಿನ್ ಮೇಲೆ ಮಾತ್ರ ಸರಕು ಮತ್ತು ಸೇವಾ ತೆರಿಗೆ ಕಟ್ಟುವ ಸೌಲಭ್ಯ ಇದೆ; 2025ರ ಜನವರಿಯಲ್ಲಿ ದರ ಶೇ. 18ಕ್ಕೆ ಏಕರೂಪವಾಯಿತು. ವಾಹನದ ಮೇಲಿನ ಇನ್‌ಪುಟ್ ತೆರಿಗೆ ಜಮೆಯನ್ನು ಪಡೆದಿರಬಾರದೆಂಬುದು ಷರತ್ತು. ಕೇಳಲು ಹಿತವಾಗಿದೆ. ಲೆಕ್ಕ ಹಾಕಿ ನೋಡಬೇಕು.

ನೋಂದಾಯಿತ ವರ್ತಕನೊಬ್ಬ 2 ಲಕ್ಷ ರೂಪಾಯಿಗೆ ಲಾರಿ ಕೊಂಡು, 4 ಲಕ್ಷ ದುರಸ್ತಿಗೆ ಸುರಿದು, ತೆರಿಗೆ ಹೊರತಾಗಿ 7 ಲಕ್ಷಕ್ಕೆ ಮಾರಿದನೆನ್ನೋಣ. ನೈಜ ಲಾಭ 1 ಲಕ್ಷ. ಮಾರ್ಜಿನ್ ಮಾತ್ರ 5 ಲಕ್ಷ, ಏಕೆಂದರೆ ಖರೀದಿ ಬೆಲೆಯಷ್ಟೇ ಕಳೆಯುತ್ತದೆ. ತೆರಿಗೆ 90,000 ರೂ. ಸರ್ಕಾರದಿಂದ ಕೊಂಡ ಹಳೆಯ ವಾಹನಕ್ಕೆ ಕೊಂಡವನೇ ರಿವರ್ಸ್ ಚಾರ್ಜ್ ಅಡಿ ತೆರಿಗೆ ಕಟ್ಟಬೇಕು, ಶೇ. 18ರಂತೆ ಹಿಡಿದರೆ ಆ 36,000 ರೂ. ಕೂಡ ಹಿಂದಿರುಗದು. ಬಿಡಿಭಾಗಗಳ ಜಮೆ ಈ ದಾರಿಯಲ್ಲಿ ವಾದಕ್ಕೆ ಎಡೆಯಾಗುವ ಮಾತು.

ಸಾಮಾನ್ಯ ಕ್ರಮದಲ್ಲಿ ಪೂರ್ಣ ಬೆಲೆಗೆ 1,26,000 ರೂ. ತೆರಿಗೆ, ಅದರಿಂದ ಖರೀದಿಯ 36,000 ಮತ್ತು ದುರಸ್ತಿಯ 72,000 ರೂ. ಜಮೆ ಕಳೆದರೆ ಕೈಯಿಂದ ಹೋಗುವುದು 18,000 ರೂ. ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ದರ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಈ ದಾರಿ ಸುಗಮವಾಗಿದೆ. ಕೊಳ್ಳುವವನು ನೋಂದಾಯಿತ ಕಲ್ಲುಗಣಿ ಮಾಲೀಕನಾದರೆ ಅವನಿಗೂ ಜಮೆ ಸಿಗುವ ಅವಕಾಶವಿದೆ. ಅವನು ರೈತನಾದರೆ 1,26,000 ರೂ. ಪೂರ್ತಿ ಹೊರೆ, ಅಲ್ಲಿ ಮಾರ್ಜಿನ್ ದಾರಿಯೇ ಚೌಕಾಸಿಗೆ ಅನುಕೂಲ. ಗಿರಾಕಿ ಯಾರೆಂಬುದನ್ನು ಹರಾಜಿಗೆ ಮುನ್ನವೇ ಊಹಿಸಬೇಕಾಗುತ್ತದೆ.

ಈ ಲೆಕ್ಕವೆಲ್ಲ ಬಿಲ್ ಇದ್ದವರಿಗೆ. ಬೆಸುಗೆ, ಬಾಡಿ ಕೆಲಸ, ಗೇರ್‌ಪೆಟ್ಟಿಗೆ ಎಲ್ಲವನ್ನೂ ಚೀಟಿಯ ಮೇಲೆ ಮಾಡಿಸಿಕೊಂಡವನಿಗೆ ಜಮೆಯಿಲ್ಲ, ಆದಾಯ ತೆರಿಗೆಯಲ್ಲಿ ಖರ್ಚು ರುಜುವಾತು ಮಾಡುವುದೂ ಕಷ್ಟ. ದುರಸ್ತಿಗೆ ಬಿಲ್ ಇದ್ದಷ್ಟು ಮೊತ್ತವನ್ನಾದರೂ ಮಾರ್ಜಿನ್‌ನಿಂದ ಕಳೆಯಲು ಅವಕಾಶ ನೀಡುವಂತೆ ವಾಣಿಜ್ಯ ಮಂಡಳಿಗಳು ಜಿಎಸ್‌ಟಿ ಮಂಡಳಿಯನ್ನು ಕೇಳುವುದು ನ್ಯಾಯ.