ಫ್ಲೆಕ್ಸಿನ ಮೇಲಿರುವ ರ‍್ಯಾಂಕು ಯಾರದು?

ಧಾರವಾಡ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ



ಸಪ್ತಾಪುರದಲ್ಲಿ ಮನೆ ಇದ್ದವರಿಗೆ ಬಾಡಿಗೆ ಹುಡುಗರ ಬರ ಇಲ್ಲ. ಕೆಎಎಸ್, ಪಿಎಸ್ಐ, ಪಿಡಿಒ, ಎಫ್‌ಡಿಎ ಎಂದು ಓದಲು ವಿಜಯಪುರ, ಯಾದಗಿರಿ, ಕೊಪ್ಪಳದ ಕಡೆಯಿಂದ ವರ್ಷವಿಡೀ ಬರುತ್ತಲೇ ಇರುತ್ತಾರೆ. ನಮ್ಮ ಮಾಳಿಗೆಯ ರೂಮುಗಳಲ್ಲೂ ಅವರೇ. ಊರಿಂದ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಬರುತ್ತದೆ, ಕಡಲೆ ಮಾರಾಟವಾದ ಮೇಲೆ ಫೀ ಬರುತ್ತದೆ. ಹಾಗೆ ಮಗನ ಫೀ ಕಟ್ಟಲು ಬಂದಿದ್ದ ಸಿಂದಗಿ ಕಡೆಯ ರೈತರೊಬ್ಬರು ಓಣಿಯ ತುದಿಯ ಫ್ಲೆಕ್ಸ್ ನೋಡುತ್ತ, “ಸರ್ರ, ಇವ್ರೆಲ್ಲಾ ಇಲ್ಲೇ ಕಲ್ತು ಸಾಹೇಬ್ರಾಗ್ಯಾರೇನ್ರಿ?” ಎಂದು ಕೇಳಿದರು. ನಾನು ಬಾಯಿಬಿಡುವ ಮೊದಲೇ ಮಗ, “ಬೋರ್ಡಿನ್ಯಾಗ ಹಾಕ್ಯಾರಲ್ಲಪಾ” ಅಂದ.

ಏನು ಹಾಕಿದ್ದಾರೆ ನೋಡಿ. ಕೋಟು ತೊಟ್ಟ ಸಾಲು ಮುಖಗಳು, ಮುಖಕ್ಕಿಂತ ದೊಡ್ಡದಾಗಿ ಯುಪಿಎಸ್‌ಸಿ ರ‍್ಯಾಂಕಿನ ಅಂಕಿಗಳು, ಮೇಲೆ ‘ನಮ್ಮ ಸಾಧಕರು’ ಎಂಬ ತಲೆಬರಹ. ಕೆಳಗೆ, ಫ್ಲೆಕ್ಸನ್ನು ಕಂಬಕ್ಕೆ ಬಿಗಿದ ದಾರ ಹಾದುಹೋಗುವಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ‘ಸಂದರ್ಶನ ಮಾರ್ಗದರ್ಶನ’. ಇಡೀ ವ್ಯವಹಾರದ ಗುಟ್ಟು ಆ ಎರಡು ಪದಗಳಲ್ಲಿದೆ. ಯುಪಿಎಸ್‌ಸಿ ದಾರಿ ತಮಗೆ ಗೊತ್ತಿದ್ದದ್ದೇ, ಆ ರೈತರಂಥ ಓದುಗರಿಗಾಗಿ ಹೇಳುತ್ತೇನೆ. ಮೊದಲು ಪ್ರಿಲಿಮ್ಸ್, ಆಮೇಲೆ 1,750 ಅಂಕಗಳ ಮೇನ್ಸ್, ಕೊನೆಗೆ 275 ಅಂಕಗಳ ಸಂದರ್ಶನ. ಮೊದಲೆರಡನ್ನೂ ಸ್ವಂತ ಬಲದಿಂದಲೋ ಬೇರೆಲ್ಲೋ ಓದಿಯೋ ದಾಟಿದ ಅಭ್ಯರ್ಥಿ, ಸಂದರ್ಶನಕ್ಕೆ ಮುಂಚೆ ನಾಲ್ಕಾರು ಕಡೆ ಮಾಕ್ ಇಂಟರ್‌ವ್ಯೂ ಕೊಡುತ್ತಾನೆ. ಬಹಳ ಕಡೆ ಅದು ಪುಕ್ಕಟೆ. ಹೋದಲ್ಲೆಲ್ಲ ಒಂದು ಫೋಟೊ ಉಳಿಯುತ್ತದೆ. ಒಂದೇ ಮುಖ ಮೂರು ಸಂಸ್ಥೆಗಳ ಫ್ಲೆಕ್ಸಿನಲ್ಲಿ ನಗುವುದು ಹೀಗೆ. ಕೇಳಿದರೆ, ‘ನಮ್ಮಲ್ಲಿ ಬಂದಿದ್ದರು’ ಎಂದು ಮೂವರೂ ಎದೆ ತಟ್ಟಿ ಹೇಳಬಹುದು. ಅರ್ಧ ಗಂಟೆ ಕೂತು ಎದ್ದುಹೋದವನ ಫೋಟೊ ತೋರಿಸಿ, ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗನಿಗೆ ಪೂರ್ತಿ ವರ್ಷದ ಫೌಂಡೇಶನ್ ಕೋರ್ಸ್ ಮಾರುತ್ತಾರೆ.

ಇದಕ್ಕೆ ಕಾನೂನಿಲ್ಲವೆಂದಲ್ಲ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕೋಚಿಂಗ್ ಸಂಸ್ಥೆಗಳಿಗೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ತಂದಿತು. ಫೋಟೊ ಹಾಕುವುದಾದರೆ ಆ ಅಭ್ಯರ್ಥಿ ಯಾವ ಕೋರ್ಸ್ ಓದಿದ, ಎಷ್ಟು ಅವಧಿಯದು, ದುಡ್ಡು ಕೊಟ್ಟು ಓದಿದನೋ ಇಲ್ಲವೋ ಎಂಬುದನ್ನೂ ಬರೆಯಬೇಕು. ಆಯ್ಕೆಯಾದ ಮೇಲೆ ಅವನಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ನೌಕರಿ ಗ್ಯಾರಂಟಿ ಅನ್ನುವಂತಿಲ್ಲ. ತಪ್ಪಿದರೆ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ. ಮಾರ್ಗಸೂಚಿ ಬರುವ ಹೊತ್ತಿಗಾಗಲೇ 18 ಸಂಸ್ಥೆಗಳಿಗೆ ಒಟ್ಟು 54.60 ಲಕ್ಷ ದಂಡ ಬಿದ್ದಿತ್ತು. ಅಂದರೆ ತಲಾ ಸುಮಾರು ಮೂರು ಲಕ್ಷ. ಪುಟ ತುಂಬ ಜಾಹೀರಾತು ಕೊಡುವವರಿಗೆ ಅದೇನು ಭಾರ? (ಈ ಪತ್ರದ ಹಿಂಬದಿಯಲ್ಲೇ ಅಂಥದೊಂದು ಜಾಹೀರಾತು ಅಚ್ಚಾಗಿದ್ದರೆ ಸಂಪಾದಕರು ನನ್ನ ಮೇಲೆ ಸಿಟ್ಟಾಗಬಾರದು.)

ದಂಡ ಹಾಕುವವರು ದಿಲ್ಲಿಯಲ್ಲಿ. ನಮ್ಮ ಕರೆಂಟ್ ಕಂಬದ ಫ್ಲೆಕ್ಸು, ಹಳ್ಳಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಕನ್ನಡದ ಪೋಸ್ಟರು ಅವರ ಕಣ್ಣಿಗೆ ಬೀಳುವುದಾದರೂ ಹೇಗೆ? ಅದೇ ಕಾಯ್ದೆಯ 16ನೇ ಸೆಕ್ಷನ್ ನೋಡಿ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ದೂರು ಬಂದರೆ ತಮ್ಮ ವ್ಯಾಪ್ತಿಯಲ್ಲಿ ವಿಚಾರಣೆ ನಡೆಸಿ ಪ್ರಾಧಿಕಾರಕ್ಕೆ ವರದಿ ಕೊಡುವ ಅಧಿಕಾರವನ್ನು ಅದು ಜಿಲ್ಲಾಧಿಕಾರಿಗೇ ಕೊಟ್ಟಿದೆ. ಇಂಥ ಅಧಿಕಾರವೊಂದು ಇದೆ ಎಂಬುದೇ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಇನ್ನೊಂದು ಮಾತು. ಇದಕ್ಕೆ ಸೆಕ್ಷನ್ ಇದೆಯೋ ಇಲ್ಲವೋ, ಹೊಟ್ಟೆ ಉರಿಯುವುದಂತೂ ಹೌದು. ಒಂದು ಬೋರ್ಡಿನಲ್ಲಿ ಎಡಕ್ಕೆ ನೇಗಿಲು ಹಿಡಿದ ಮುದುಕ, ಬಲಕ್ಕೆ ಸರ್ಕಾರಿ ಜೀಪು, ನಡುವೆ ಬಾಣದ ಗುರುತು. ಆ ಹೊಲದ ದುಡ್ಡೇ ಇವರ ಫೀ. ಅದನ್ನು ಎಣಿಸಿ ತೆಗೆದುಕೊಳ್ಳುವವರು ಆ ಹೊಲವನ್ನೇ ನಾಚಿಕೆಯ ವಸ್ತು ಮಾಡಿ ಬಾಗಿಲಿಗೆ ತೂಗುಹಾಕಿದ್ದಾರೆ. ಕಟ್ಟಲು ಬಂದ ಅಪ್ಪಂದಿರು ಅದರಡಿಯಲ್ಲೇ ಒಳಗೆ ಹೋಗಬೇಕು.

ನಾನು ಕೇಳುವುದು ಇಷ್ಟು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಸಂಸ್ಥೆಗಳು ಈ ಮಾರ್ಗಸೂಚಿಯ ವ್ಯಾಪ್ತಿಗೆ ಬರುತ್ತವೆ. ಸಪ್ತಾಪುರದಲ್ಲಿ ಅಂಥವೆಷ್ಟಿವೆ ಎಂದು ಪಟ್ಟಿ ಮಾಡಿಸಿ. ಪ್ರತಿ ಫೋಟೊಗೂ ಒಪ್ಪಿಗೆ ಪತ್ರ ತೋರಿಸಿ ಎನ್ನಿ. ಕೋರ್ಸಿನ ಹೆಸರನ್ನು ರ‍್ಯಾಂಕಿನಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ. ಆಗದವರ ಫ್ಲೆಕ್ಸ್ ಇಳಿಸಿ, ವರದಿಯನ್ನು ದಿಲ್ಲಿಗೆ ಕಳಿಸಿ.

ಬಾಯಿಮಾತಿನ ದೂರು ನಿಲ್ಲುವುದಿಲ್ಲವೆಂದು ಫೋಟೊ, ಜಾಗ, ದಿನಾಂಕಗಳ ಸಹಿತ ಲಿಖಿತ ದೂರನ್ನು ತಮ್ಮ ಕಚೇರಿಯ ಟಪಾಲಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ವಿಚಾರಣೆಯ ದಿನ ತಿಳಿಸಿದರೆ ಬಂದು ಹೇಳಿಕೆ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಪ್ತಾಪುರದ ಒಬ್ಬ ನಿವಾಸಿ