20 ವರ್ಷ ಬಾಳುವ ವಸ್ತು ಬೇಕು

ಅಗಡಿ ಸೀಮೆಯ ರೈತನ ಕೂರಿಗೆಯನ್ನು ನೋಡಿರಿ. ಬಡಿಗ ಕೆತ್ತಿದ್ದು, ಕಮ್ಮಾರ ಕಬ್ಬಿಣ ಬಡಿದದ್ದು. ಒಂದು ಭಾಗ ಮುರಿದರೆ ಅದನ್ನಷ್ಟೇ ಬದಲಿಸುತ್ತಾರೆ. ಇಡೀ ಕೂರಿಗೆಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ದುರಸ್ತಿಯ ದುಡ್ಡೂ ಊರಲ್ಲೇ ಉಳಿಯುತ್ತದೆ.

ಇನ್ನು ಗಿರಣಿ ಕಾರ್ಮಿಕನು ಕಂತಿನ ಮೇಲೆ ತಂದ ಮೊಬೈಲನ್ನು, ಸಣ್ಣ ಅಂಗಡಿಕಾರನ ತೂಕದ ಯಂತ್ರವನ್ನು ನೋಡಿರಿ. ಕಂತು ತೀರುವ ಮೊದಲೇ ಕೆಟ್ಟರೆ ಎಷ್ಟೋ ಸಲ ಬಿಡಿಭಾಗ ಸಿಗದು. ಬಿಚ್ಚೋಣವೆಂದರೆ ಅಂಟು ಹಾಕಿ ಮುಚ್ಚಿದೆ. ‘ಹೊಸದು ಕೊಳ್ಳಿರಿ’ ಎಂಬುದೇ ಉತ್ತರ. ಕಸ ನಮ್ಮೂರಿಗೆ, ದುಡ್ಡು ದೂರದ ಕಂಪನಿಗೆ! ಇದು ವಿಧಿಯಲ್ಲ. ವಸ್ತುವಿನ ಆಯುಷ್ಯವನ್ನು ಬರೆಯುವವನು ಅದರ ನಕ್ಷೆ ತಯಾರಿಸುವವನು. ಅವನಿಗೆ ಸಂಬಳ ಕೊಡುವವನು ಬಂಡವಾಳಗಾರ.

ಬೇರೆ ತರಹದ ನಕ್ಷೆ ಸಾಧ್ಯವಿಲ್ಲವೆ? 1929ರಲ್ಲಿ ಅಖಿಲ ಭಾರತ ಚರಖಾ ಸಂಘವು ಸುಧಾರಿಸಿದ ಚರಖಕ್ಕೆ 1 ಲಕ್ಷ ರೂಪಾಯಿ ಬಹುಮಾನ ಸಾರಿತು. ಷರತ್ತುಗಳು ಹೀಗಿದ್ದವು: ಬೆಲೆ 150 ರೂಪಾಯಿ ಮೀರಬಾರದು, ಹೆಣ್ಣುಮಗಳು ಹೆಚ್ಚು ದಣಿಯದೆ 8 ತಾಸು ನಡೆಸುವಂತಿರಬೇಕು, 20 ವರ್ಷ ಬಾಳಬೇಕು, ವರ್ಷಕ್ಕೆ ಬಿಡಿಭಾಗಗಳ ಖರ್ಚು ಬೆಲೆಯ ಶೇಕಡಾ 5ನ್ನು ಮೀರಬಾರದು. ಷರತ್ತು ಹಾಕಿದವರು ಮಾರುವವರಲ್ಲ, ನೂಲುವವರ ಪಕ್ಷದವರು. ಎಲ್ಲ ವ್ಯತ್ಯಾಸವೂ ಅಲ್ಲಿದೆ.

ಷರತ್ತು ಹಾಕಬೇಕಾದರೆ ವಸ್ತುವಿನ ಒಳಗು ತಿಳಿದಿರಬೇಕು. ಅದಕ್ಕೆ ವಿದ್ಯೆ ಬೇಕು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಹೊರಟು ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿತು. ಓದು ಬಂತು, ಆದರೆ ನಮ್ಮ ಶಾಲೆ ಮಗುವಿನ ತಲೆಯನ್ನು ಕೈಯಿಂದ ಬೇರ್ಪಡಿಸಿತು. ಕೈಕಸಬಿನ ಮೂಲಕವೇ ಪಾಠ ಹೇಳಬೇಕೆಂದು 1937ರಲ್ಲಿ ವಾರ್ಧಾ ಸಮ್ಮೇಳನವು ಹೇಳಿತ್ತು. ಇದೇ ತಾಲೂಕಿನ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ಪುಸ್ತಕದ ಜೊತೆಗೆ ಹೊಲದ ಕೆಲಸವನ್ನೂ ಕಲಿಯುತ್ತಾರೆ. ಅಂಥದು ಅಪರೂಪವಾಗಿ ಉಳಿಯಬೇಕೆ?

‘ಬಡವರ ಮಕ್ಕಳಿಗೆ ಉಳಿ-ಸುತ್ತಿಗೆ, ಸಾಹುಕಾರರ ಮಕ್ಕಳಿಗೆ ಪುಸ್ತಕವೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದ್ದರಿಂದಲೇ ಈ ಪಾಠ ಫೀ ಪಡೆಯುವ ಶಾಲೆಗಳಿಗೂ ಕಡ್ಡಾಯವಾಗಲಿ. ಯಂತ್ರವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ; ಯಂತ್ರದಿಂದಲೇ ಅನ್ನ ತಿನ್ನುವವರು ನಾವು. ಯಂತ್ರ ನಮ್ಮ ಕೈಗೆ ಬಗ್ಗಬೇಕು, ಅಷ್ಟೇ.

ಫ್ರಾನ್ಸ್ ದೇಶವು 2021ರಿಂದ ಮೊಬೈಲು, ಬಟ್ಟೆ ಒಗೆಯುವ ಯಂತ್ರ ಮೊದಲಾದವುಗಳ ಮೇಲೆ ದುರಸ್ತಿಯ ಅಂಕವನ್ನು ಕಡ್ಡಾಯ ಮಾಡಿತು. ನಮ್ಮ ಕೇಂದ್ರ ಸರಕಾರ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆದಿತು. ಜಾಲತಾಣ ಸಾಲದು, ಕಾಯ್ದೆ ಬೇಕು. ಎಷ್ಟು ವರ್ಷ ಬಾಳುವುದು, ಬಿಡಿಭಾಗಕ್ಕೆ ಎಷ್ಟು ಬೆಲೆ ಎಂಬುದನ್ನು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಲಿ. ಪ್ರತಿ ಪ್ರೌಢಶಾಲೆಯಲ್ಲೂ ಒಂದು ದುರಸ್ತಿ ಶಾಲೆ ಏಳಲಿ. ಊರ ಬಡಿಗ, ಕಮ್ಮಾರ, ಮೆಕ್ಯಾನಿಕ್ ಅಲ್ಲಿ ಸಂಬಳದ ಗುರುಗಳಾಗಲಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ಬೇಡಿಕೆಯನ್ನು ಒಟ್ಟಾಗಿ ಎತ್ತಿಕೊಳ್ಳಬೇಕು.